ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವ ಮುಂಚೆ

ನನ್ನ ಬಾಯಲ್ಲಿ ಬಲಗಡೆ ಕೆಳಗೆ ಒಂದು ದವಡೆ ಹಲ್ಲಿದೆ. ಮೊದಲು ಅದರ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು. ನೋವಿರಲಿಲ್ಲ, ಹಾಗಾಗಿ ಸುಮ್ನಿದ್ದೆ. ಎರಡು ವರ್ಷ ಕಳೆದ ಮೇಲೆ ತಣ್ಣೀರು ಕುಡಿದರೆ ಜುಮ್ ಅನ್ನತೊಡಗಿತು. ಫಿಲ್ಲಿಂಗ್ ಹಾಕಿಸಿದೆ. ಕೆಲವು ವರ್ಷಕ್ಕೆ ಅದರ ಅಂಚಿನಲ್ಲೇ ಮತ್ತೆ ಹುಳುಕು. ಈ ಸಲ ಇನ್ನೂ ದೊಡ್ಡ ಫಿಲ್ಲಿಂಗ್. ಆಮೇಲೊಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ಬೇರೆ ನೋವಾದರೆ ಹಲ್ಲು ಕಚ್ಚಿಕೊಂಡು ತಡೆಯಬಹುದು. ಹಲ್ಲುನೋವಿಗೆ ಆ ಅನುಕೂಲವೂ ಇಲ್ಲ. ರೂಟ್ ಕೆನಾಲ್ ಆಯಿತು, ಮೇಲೊಂದು ಕ್ಯಾಪ್ ಕೂತಿತು. ಈಗ ಆ ಹಲ್ಲಿನಲ್ಲಿ ನನ್ನದು ಅಂತ ಉಳಿದಿರುವುದು ಬೇರು ಮತ್ತು ಚೂರು ಗೋಡೆ.

ಹಲ್ಲಿನ ಚಿಕಿತ್ಸೆಯನ್ನು ನಾನೀಗ ಇಳಿಯುವ ಮೆಟ್ಟಿಲಿನ ಹಾಗೆ ನೋಡುತ್ತೇನೆ. ಚುಕ್ಕೆ, ಸಣ್ಣ ಫಿಲ್ಲಿಂಗ್, ದೊಡ್ಡ ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಕೀಳಿಸುವುದು. ಇಳಿದ ಮೆಟ್ಟಿಲನ್ನು ಮತ್ತೆ ಹತ್ತಲು ಆಗುವುದಿಲ್ಲ. ಹಲ್ಲಿನ ಹೊರಪದರ ಎನಾಮೆಲ್, ಇಡೀ ದೇಹದಲ್ಲೇ ಅತಿ ಗಟ್ಟಿಯಾದದ್ದು. ಆದರೆ ಅದರಲ್ಲಿ ಜೀವಕೋಶಗಳೇ ಇಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ತೂತುಬಿದ್ದ ಎನಾಮೆಲ್ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಯಾವ ಚಿಕಿತ್ಸೆಯ ಮಾತು ಬಂದರೂ ನಾನು ಕೇಳುವುದು ಒಂದೇ: ಇದನ್ನು ಮಾಡಿಸಿದ ಮೇಲೆ ನನ್ನ ಸ್ವಂತ ಹಲ್ಲು ಎಷ್ಟು ಉಳಿಯುತ್ತದೆ? ಈ ಲೇಖನವನ್ನೂ ಅದೇ ಲೆಕ್ಕದಲ್ಲಿ, ಮೇಲಿನ ಮೆಟ್ಟಿಲಿನಿಂದ ಶುರುಮಾಡಿ ಬರೆದಿದ್ದೇನೆ.

ಮನೆಯಲ್ಲೇ ಮುಗಿಯುವ ಕೆಲಸ

ಹುಳುಕು ಅಂತ ಕರೆಯುತ್ತೇವೆ, ಆದರೆ ಅಲ್ಲಿ ಹುಳ ಗಿಳ ಏನೂ ಇರುವುದಿಲ್ಲ. ಹಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಖನಿಜ ಕರಗಲು ಶುರು. ಎಂಜಲು ಅದನ್ನು ಮೆಲ್ಲಗೆ ಸರಿಮಾಡುತ್ತದೆ, ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಎಷ್ಟು ಸಿಹಿ ತಿಂದಿರಿ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಅನ್ನುವುದು ಮುಖ್ಯ. ಊಟದ ಜೊತೆ ಒಂದು ಸಿಹಿ ತಿಂದವರಿಗಿಂತ, ಸಿಹಿ ಪಾನೀಯವನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಗಂಟೆ ಗುಟುಕು ಗುಟುಕಾಗಿ ಕುಡಿಯುವವರ ಹಲ್ಲಿಗೆ ಹಾನಿ ಜಾಸ್ತಿ. ಎಂಜಲಿಗೆ ಬಿಡುವೇ ಸಿಗುವುದಿಲ್ಲ, ಅಲ್ವಾ?

ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುತ್ತದೆ. ಹಾಗಾಗಿ ಎರಡು ಸಲದ ಬ್ರಶ್ಶಿನಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಅಂದರೆ ನಾನು ರಾತ್ರಿಯದನ್ನೇ ಉಳಿಸಿಕೊಳ್ಳುತ್ತೇನೆ. ಅದಾದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ಪೇಸ್ಟಿನ ಡಬ್ಬಿಯ ಮೇಲೆ ನೋಡಬೇಕಾದದ್ದು ಒಂದೇ ಸಂಗತಿ: ಫ್ಲೋರೈಡ್ 1000ರಿಂದ 1500 ಪಿಪಿಎಂ ಇದೆಯೇ. ಮಿಕ್ಕಿದ್ದೆಲ್ಲ ರುಚಿ, ಬಣ್ಣ, ಜಾಹೀರಾತು. ಬ್ರಶ್ ಮೃದುವಾಗಿರಲಿ. ಹಲ್ಲು ಒಸಡಿಗೆ ಸೇರುವ ಗೆರೆಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಚಿಕ್ಕ ಚಿಕ್ಕದಾಗಿ ಆಡಿಸಿ, ಎರಡು ನಿಮಿಷ. ಪಾತ್ರೆ ತಿಕ್ಕುವ ಹಾಗೆ ತಿಕ್ಕಿದರೆ ಒಸಡು ಕೆಳಗಿಳಿದು ಬೇರು ಕಾಣುತ್ತದೆ, ಆಮೇಲೆ ಜೀವನಪೂರ್ತಿ ಜುಮ್ ಅನ್ನುತ್ತದೆ. ಕೂದಲು ಬಾಗಿದ ಬ್ರಶ್ಶನ್ನು ಬಿಸಾಡಿ. ಬಾಗದಿದ್ದರೂ ಮೂರು ತಿಂಗಳಿಗೊಮ್ಮೆ ಬದಲಾಯಿಸಿ.

ಇನ್ನು ನಮ್ಮಲ್ಲಿ ಬಹುತೇಕರು ತಪ್ಪು ಮಾಡುವ ಜಾಗ. ಬ್ರಶ್ ಆದ ಮೇಲೆ ನೊರೆಯನ್ನು ಉಗಿಯಿರಿ, ಆದರೆ ನೀರು ಹಾಕಿ ಚೆನ್ನಾಗಿ ಮುಕ್ಕಳಿಸಬೇಡಿ. ಮುಕ್ಕಳಿಸಿದರೆ ದುಡ್ಡು ಕೊಟ್ಟು ತಂದ ಫ್ಲೋರೈಡ್ ಸೀದಾ ಸಿಂಕಿಗೆ ಹೋಗುತ್ತದೆ. ಮೊದಲ ವಾರ ವಿಚಿತ್ರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಹುಳಿ ಪಾನೀಯ ಕುಡಿದ ಕೂಡಲೇ, ವಾಂತಿಯಾದ ಕೂಡಲೇ ಬ್ರಶ್ ಮಾಡಬಾರದು. ಎನಾಮೆಲ್ ಆಗ ಮೆತ್ತಗಾಗಿರುತ್ತದೆ. ನೀರಿನಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಕಾಯಿರಿ.

ಬ್ರಶ್ ಹಲ್ಲುಗಳ ಸಂದಿಗೆ ಹೋಗುವುದಿಲ್ಲ. ಸಂದಿ ಬಿಗಿಯಾಗಿದ್ದರೆ ಫ್ಲಾಸ್ ದಾರ, ಅಗಲವಾಗಿದ್ದರೆ ಬಾಟಲಿ ತೊಳೆಯುವ ಬ್ರಶ್ಶಿನ ಮರಿಯಂತೆ ಕಾಣುವ ಸಣ್ಣ ಬ್ರಶ್. ನನಗೆ ದಾರ ಹಿಡಿಸಲಿಲ್ಲ, ಸಣ್ಣ ಬ್ರಶ್ ಹಿಡಿಸಿತು. ಯಾವುದನ್ನು ದಿನಾ ಮಾಡುತ್ತೀರೋ ಅದೇ ನಿಮಗೆ ಒಳ್ಳೆಯದು. ಇದ್ದಿಲು ಪುಡಿಯ ಪೇಸ್ಟುಗಳಿಂದ ದೂರವಿರಿ, ಕೆಲವು ಎನಾಮೆಲ್ಲನ್ನು ಉಜ್ಜಿ ಸವೆಸುತ್ತವೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಒಳ್ಳೆಯ ಔಷಧಿಯೇ. ಆದರೆ ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಿ, ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಡಾಕ್ಟರ ಮುಂದೆ ಬಾಯಿ ತೆರೆಯುವುದು

ಬಾಯಿ ತೆರೆಯಬೇಕಾದದ್ದು ಎರಡು ಸಲ. ಮೊದಲನೆಯದು ಮಾತಾಡುವುದಕ್ಕೆ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಹಲ್ಲಿಗೂ ಬಿಪಿಗೂ ಏನು ಸಂಬಂಧ ಅಂತ ಬಿಡಬೇಡಿ. ರಕ್ತ ತೆಳುಮಾಡುವ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಔಷಧಿ, ಸಕ್ಕರೆ ಕಾಯಿಲೆ, ಹೃದಯದ ಕವಾಟದ ಆಪರೇಶನ್, ಬಸಿರು, ಯಾವುದಾದರೂ ಔಷಧಿಯ ಅಲರ್ಜಿ, ಎಲ್ಲವನ್ನೂ ಹೇಳಿ. ಹಲ್ಲು ಕೀಳಿಸಬೇಕು ಅಂತ ರಕ್ತ ತೆಳುಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸುವುದು ಅಪಾಯ. ಎಷ್ಟೋ ಸಲ ನಿಲ್ಲಿಸದೆಯೇ ಕೀಳುತ್ತಾರೆ. ಆ ತೀರ್ಮಾನ ಹಲ್ಲಿನ ಡಾಕ್ಟರು, ಮಾತ್ರೆ ಬರೆದುಕೊಟ್ಟ ಡಾಕ್ಟರು, ಈ ಇಬ್ಬರದ್ದು, ನಮ್ಮದಲ್ಲ. ಬಸುರಿಯರು ಹೆರಿಗೆಯ ತನಕ ನೋವು ತಡೆದುಕೊಂಡಿರಬೇಕಿಲ್ಲ. ಸ್ಥಳೀಯ ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಬಹುದು. ನಾಲ್ಕರಿಂದ ಆರನೇ ತಿಂಗಳು ಕುರ್ಚಿಯಲ್ಲಿ ಮಲಗಲೂ ಆರಾಮ.

ಹೆದರಿಕೆ ಇದ್ದರೆ ಅದನ್ನೂ ಹೇಳಿ. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನಗುವ ಅನಿಲವನ್ನು ಸೇದಿ ತನ್ನ ಹಲ್ಲನ್ನೇ ಕೀಳಿಸಿಕೊಂಡು ನೋಡಿದ. ನೋವಾಗದಂತೆ ಕೆಲಸ ಮಾಡುವ ಹಠ ಈ ವೃತ್ತಿಯಲ್ಲಿ ಅಷ್ಟು ಹಳೆಯದು. ಇವತ್ತಿಗೂ ಹೆಚ್ಚಾಗಿ ಬಳಸುವ, ಮರಗಟ್ಟಿಸುವ ಔಷಧಿ ಲಿಡೊಕೇನ್ ಅನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ಸೂಜಿಯದ್ದೇ ಭಯವಾದರೆ ಮೊದಲು ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಲು ಕೇಳಿ. "ಕೈ ಎತ್ತಿದರೆ ನಿಲ್ಲಿಸ್ತೀರಾ ಡಾಕ್ಟ್ರೇ?" ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ನನಗೆ ಆ ಒಂದು ಮಾತು ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಿತು. ಕೈ ಎತ್ತಬಹುದು ಅಂತ ಗೊತ್ತಿದ್ದರೆ ಎತ್ತುವ ಅಗತ್ಯವೇ ಬರುವುದಿಲ್ಲ.

ಎಕ್ಸ್‌ರೇ ಬೇಡ ಅನ್ನುವವರಿದ್ದಾರೆ. ಎರಡು ಹಲ್ಲುಗಳ ನಡುವಿನ ಹುಳುಕು, ಬೇರಿನ ತುದಿಯ ಕೀವು, ಮೂಳೆ ಕರಗಿರುವುದು, ಇವು ಕನ್ನಡಿ ಹಿಡಿದರೂ ಕಾಣುವುದಿಲ್ಲ. ಬಾಯಿಯೊಳಗೆ ಇಟ್ಟು ತೆಗೆಯುವ ಒಂದು ಚಿಕ್ಕ ಡಿಜಿಟಲ್ ಎಕ್ಸ್‌ರೇಯ ವಿಕಿರಣ, ಒಂದೆರಡು ದಿನದಲ್ಲಿ ನಮಗೆ ಪ್ರಕೃತಿಯಿಂದಲೇ ತಗಲುವಷ್ಟೇ. ಸಿಬಿಸಿಟಿ ಅನ್ನುವ ಮೂರು ಆಯಾಮದ ಸ್ಕ್ಯಾನಿನದು ಅದಕ್ಕಿಂತ ಜಾಸ್ತಿ. ಅದು ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಲೋಹದ ಬೇರು), ಅಡ್ಡ ಬೆಳೆದ ಬುದ್ಧಿ ಹಲ್ಲು ಇಂಥದ್ದಕ್ಕೆ ಬೇಕಾಗುತ್ತದೆ. ಮಾಮೂಲಿ ತಪಾಸಣೆಗೆ ಬೇಡ.

ತಪಾಸಣೆ ಮುಗಿದ ಮೇಲೆ ಡಾಕ್ಟರು ಒಂದು ಪಟ್ಟಿ ಕೊಡುತ್ತಾರೆ. ಅಲ್ಲಿ ತಡವರಿಸದೆ ಕೇಳಬೇಕಾದ ಪ್ರಶ್ನೆಗಳಿವು:

- ಇದರಲ್ಲಿ ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು?
- ಮಾಡಿಸದೇ ಬಿಟ್ಟರೆ ಏನಾಗುತ್ತದೆ?
- ಇದಕ್ಕಿಂತ ಹಲ್ಲನ್ನು ಕಡಿಮೆ ಕೊರೆಯುವ ದಾರಿ ಇದೆಯೇ?
- ಇದು ಮುಂದೆ ಕೆಟ್ಟರೆ ಆಮೇಲೇನು?

ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹಲ್ಲಿಗೆ ಮಾಡಿದ ಯಾವ ರಿಪೇರಿಯೂ ಶಾಶ್ವತವಲ್ಲ. ಮುಂದಿನ ಮೆಟ್ಟಿಲು ಯಾವುದು ಅಂತ ಇವತ್ತೇ ಗೊತ್ತಿರಬೇಕು.

ಒಮ್ಮೆ ಒಬ್ಬರು ನನಗೆ ಆರು ಫಿಲ್ಲಿಂಗ್ ಬೇಕು ಅಂದರು. ಅದೇ ಎಕ್ಸ್‌ರೇ ನೋಡಿದ ಇನ್ನೊಬ್ಬರು ಎರಡು ಸಾಕು ಅಂದರು. ಮಿಕ್ಕ ನಾಲ್ಕಕ್ಕೆ ಫ್ಲೋರೈಡ್ ಹಚ್ಚಿ ಆರು ತಿಂಗಳು ಬಿಟ್ಟು ನೋಡೋಣ ಅಂದರು. ಮೊದಲಿನವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಎನಾಮೆಲ್ ದಾಟದ ಹುಳುಕನ್ನು ಕೊರೆಯಬೇಕೋ ಕಾಯಬೇಕೋ ಅನ್ನುವುದರಲ್ಲಿ ಡಾಕ್ಟರುಗಳ ನಡುವೆ ನಿಜಕ್ಕೂ ವ್ಯತ್ಯಾಸ ಇರುತ್ತದೆ. ಆದರೆ ಕೊರೆದ ಹಲ್ಲನ್ನು ವಾಪಸ್ ತರಲಾಗದು. ನೋವಿಲ್ಲ, ಕೆಲಸ ಮಾತ್ರ ದೊಡ್ಡದು ಅಂದಾಗ ಇನ್ನೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ನಾಚಿಕೆ ಬೇಡ. ಎಕ್ಸ್‌ರೇಯ ಪ್ರತಿ ಕೇಳಿ ಪಡೆಯಿರಿ.

ಒಸಡಿನಲ್ಲಿ ರಕ್ತ ಬಂದರೆ

ರಕ್ತ ಬಂದ ಜಾಗವನ್ನು ಬಿಟ್ಟು ಬ್ರಶ್ ಮಾಡುವುದು ನಮ್ಮ ಸಹಜ ಬುದ್ಧಿ. ಮಾಡಬೇಕಾದದ್ದು ಅದರ ಉಲ್ಟಾ. ಅಲ್ಲಿ ಪಾಚಿ ಕಟ್ಟಿದೆ ಅಂತಲೇ ಒಸಡು ಊದಿಕೊಂಡು ರಕ್ತ ಬರುತ್ತಿದೆ. ಮೆತ್ತಗೆ, ಆದರೆ ತಪ್ಪದೆ ಉಜ್ಜಿದರೆ ಒಂದೆರಡು ವಾರದಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ಪಾಚಿ ಗಟ್ಟಿಯಾಗಿ ಕಿಟ್ಟವಾಗಿದೆ ಅಂತ ಅರ್ಥ. ಅದು ಯಾವ ಬ್ರಶ್ಶಿಗೂ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಅನ್ನುವ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಸಂದಿ ಮೊದಲೇ ಬಿದ್ದಿರುತ್ತದೆ. ಅದರೊಳಗೆ ಕಿಟ್ಟ ಗಾರೆಯಂತೆ ತುಂಬಿಕೊಂಡಿತ್ತು, ಈಗ ತೆಗೆದಾಗ ಕಂಡಿತು ಅಷ್ಟೆ. ಮಾಡಿಸಿಕೊಂಡ ಕೆಲವು ದಿನ ತಣ್ಣಗಿನದ್ದು ತಾಗಿದರೆ ಜುಮ್ ಅನ್ನುವುದು ಮಾಮೂಲು.

ಡಾಕ್ಟರು ಒಂದು ಸಣ್ಣ ಕಡ್ಡಿಯಿಂದ ಹಲ್ಲಿನ ಸುತ್ತ ಚುಚ್ಚಿ ನೋಡುತ್ತಾ ಮೂರು, ಎರಡು, ಐದು ಅಂತ ಎಣಿಸುತ್ತಾರಲ್ಲ, ಅದು ಒಸಡಿಗೂ ಹಲ್ಲಿಗೂ ನಡುವಿನ ಆಳ, ಮಿಲಿಮೀಟರಿನಲ್ಲಿ. ಮೂರರವರೆಗೆ ಚಿಂತೆಯಿಲ್ಲ. ಅದಕ್ಕಿಂತ ಆಳವಾಗಿದ್ದು ರಕ್ತವೂ ಬಂದರೆ ಕಾಯಿಲೆ ಕೆಳಗಿಳಿಯುತ್ತಿದೆ, ಮೂಳೆಗೂ ತಾಗಿರಬಹುದು. ಆಗ ಅರಿವಳಿಕೆ ಕೊಟ್ಟು ಬೇರಿನ ಮೇಲಿನ ಕಿಟ್ಟವನ್ನೂ ತೆಗೆಯಬೇಕು. ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಕರಗಿದ ಮೂಳೆ ತಾನಾಗಿ ಪೂರ್ತಿ ಬೆಳೆಯುವುದಿಲ್ಲ, ಕರಗುವುದನ್ನು ನಿಲ್ಲಿಸಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಎರಡು ಕಡೆಯ ಜಗಳ: ಸಕ್ಕರೆ ಹೆಚ್ಚಿದ್ದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಸಿಗರೇಟು ಸೇದುವವರಿಗೆ ಇನ್ನೊಂದು ಮಾತು. ನಿಮ್ಮ ಒಸಡಿನಲ್ಲಿ ರಕ್ತ ಕಡಿಮೆ ಬರಬಹುದು. ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ರೋಗದ ಗುರುತು ಅಡಗಿಕೊಂಡಿರುತ್ತದೆ.

ಹುಳುಕಿಗೆ: ಕೊರೆಯುವುದೋ, ಬಿಡುವುದೋ

ಹುಳುಕಿನ ಮೊದಲ ಗುರುತು ಕಪ್ಪಲ್ಲ, ಬಿಳಿ. ಸೀಮೆಸುಣ್ಣದಂಥ ಮಂಕು ಬಿಳಿ ಮಚ್ಚೆ. ಮೇಲ್ಮೈ ಇನ್ನೂ ಒಡೆದಿಲ್ಲ. ಈ ಹಂತದಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚಿ, ಸಿಹಿ ತಿನ್ನುವ ಸಲಗಳನ್ನು ಕಡಿಮೆ ಮಾಡಿದರೆ ಖನಿಜ ಮತ್ತೆ ಕೂರುತ್ತದೆ. ಮೆಟ್ಟಿಲು ಇಳಿಯದೇ ನಿಲ್ಲಬಹುದಾದ ಜಾಗ ಇದೊಂದೇ.

ತೂತು ಬಿದ್ದ ಮೇಲೂ ಕೊರೆಯದೇ ತಡೆಯುವ ಒಂದು ಔಷಧಿ ಇದೆ, ಸಿಲ್ವರ್ ಡೈಅಮೈನ್ ಫ್ಲೋರೈಡ್. ಒಂದು ಹನಿ ಹಚ್ಚಿದರೆ ಹುಳುಕು ಬಹಳಷ್ಟು ಸಲ ಅಲ್ಲೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ತೊಂದರೆ ಏನೆಂದರೆ ಹುಳುಕಾದ ಭಾಗ ಕಡುಕಪ್ಪಾಗುತ್ತದೆ. ಚಿಕ್ಕ ಮಕ್ಕಳ ಹಿಂದಿನ ಹಲ್ಲಿಗೆ, ಕುರ್ಚಿಯಲ್ಲಿ ತುಂಬ ಹೊತ್ತು ಕೂರಲಾಗದ ವಯಸ್ಸಾದವರಿಗೆ ಇದು ದೊಡ್ಡ ಉಪಕಾರ.

ಫಿಲ್ಲಿಂಗೇ ಬೇಕು ಅಂದರೆ ಇವತ್ತು ಹೆಚ್ಚಾಗಿ ಹಾಕುವುದು ಹಲ್ಲಿನ ಬಣ್ಣದ ಕಾಂಪೊಸಿಟ್. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎನಾಮೆಲ್ಲನ್ನು ಆಮ್ಲದಿಂದ ಸ್ವಲ್ಪ ಒರಟು ಮಾಡಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ತೋರಿಸಿದರು. ಅದಕ್ಕೂ ಮುಂಚೆ ಫಿಲ್ಲಿಂಗ್ ಬೀಳದಿರಲಿ ಅಂತ ಒಳ್ಳೆಯ ಹಲ್ಲನ್ನೂ ಅಗಲವಾಗಿ ಕೊರೆಯುತ್ತಿದ್ದರು. ಈಗ ಕೆಟ್ಟಷ್ಟನ್ನೇ ತೆಗೆದರೆ ಸಾಕು. ಕಾಂಪೊಸಿಟ್‌ಗೆ ಒದ್ದೆ ಆಗದು. ಎಂಜಲು ತಾಗದಂತೆ ಒಣಗಿಸಿ, ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ ಪದರ ಪದರವಾಗಿ ತುಂಬಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಬೇಕು. ಅದಕ್ಕೇ ಸಮಯ ಹಿಡಿಯುತ್ತದೆ. ಬೇಗ ಮುಗಿಸಿ ಅಂತ ಅವಸರ ಮಾಡಿದರೆ ನಷ್ಟ ನಮಗೇ. ಒಣಗಿಸಲು ಕಷ್ಟವಾದ ಕಡೆ, ಬೇರಿನ ಹತ್ತಿರ, ಗ್ಲಾಸ್ ಅಯೊನೊಮರ್ ಅನ್ನುವ ಸಿಮೆಂಟ್ ಹಾಕುತ್ತಾರೆ. ಅದು ಫ್ಲೋರೈಡ್ ಬಿಡುತ್ತದೆ, ಆದರೆ ಅಷ್ಟು ಗಟ್ಟಿಯಿಲ್ಲ.

ಹಳೆಯ ಬೆಳ್ಳಿ ಬಣ್ಣದ ಅಮಾಲ್ಗಂನಲ್ಲಿ ಸುಮಾರು ಅರ್ಧ ಪಾದರಸ. ಪರಿಸರದ ಕಾರಣಕ್ಕೆ ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಅದರ ಬಳಕೆಯನ್ನು ಬಹುತೇಕ ನಿಲ್ಲಿಸಿದೆ. ಹಾಗಂತ ಬಾಯಲ್ಲಿ ಚೆನ್ನಾಗಿ ಕೂತಿರುವುದನ್ನು ಹೆದರಿ ತೆಗೆಸಬೇಡಿ. ತೆಗೆಯುವಾಗಲೇ ಪಾದರಸದ ಆವಿ ಜಾಸ್ತಿ ಹೊರಬರುತ್ತದೆ, ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ.

ಫಿಲ್ಲಿಂಗ್ ಆದ ಮೇಲೆ ಕಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ರೂಢಿಯಾಗುತ್ತದೆ ಅಂತ ಕಾಯಬೇಡಿ. ವಾಪಸ್ ಹೋಗಿ. ಚೂರು ಉಜ್ಜಿದರೆ ಐದು ನಿಮಿಷದ ಕೆಲಸ.

ರೂಟ್ ಕೆನಾಲ್: ಹೆಸರು ಕೆಟ್ಟದ್ದು, ಕೆಲಸ ಒಳ್ಳೆಯದು

ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತನೆಯ ಭಾಗವಿದೆ. ಅದು ಯಾವ ಸ್ಥಿತಿಯಲ್ಲಿದೆ ಅಂತ ನೋವೇ ಹೇಳುತ್ತದೆ. ತಣ್ಣಗಿನದ್ದು ತಾಗಿ, ತೆಗೆದ ಕೂಡಲೇ ನಿಂತರೆ ಇನ್ನೂ ಉಳಿಸಬಹುದು. ತೆಗೆದ ಮೇಲೂ ನಿಮಿಷಗಟ್ಟಲೆ ಎಳೆದರೆ, ಬಿಸಿಗೆ ಹೆಚ್ಚಾದರೆ, ರಾತ್ರಿ ತಾನಾಗೇ ಎಬ್ಬಿಸಿದರೆ, ಒಳಗಿನ ನರ ಸಾಯುವ ಹಾದಿಯಲ್ಲಿದೆ. ಆಮೇಲೆ ಒಂದು ದಿನ ನೋವು ಇದ್ದಕ್ಕಿದ್ದಂತೆ ಮಾಯ. ಅಬ್ಬಾ, ವಾಸಿಯಾಯಿತು ಅಂದುಕೊಳ್ಳುತ್ತೇವೆ. ನಾನೂ ಅಂದುಕೊಂಡಿದ್ದೆ. ನರ ಸತ್ತಿತ್ತು ಅಷ್ಟೆ. ಕೆಲವು ತಿಂಗಳು ಬಿಟ್ಟು ಬೇರಿನ ತುದಿಯಲ್ಲಿ ಕೀವು ತುಂಬಿಕೊಂಡು ಬಂತು.

ಇದಕ್ಕೆ ಔಷಧಿ ಅಂಗಡಿಯ ಆಂಟಿಬಯಾಟಿಕ್ ಪರಿಹಾರ ಅಲ್ಲ. ಔಷಧಿ ರಕ್ತದಲ್ಲಿ ಹರಿದು ಹೋಗಬೇಕು, ಸತ್ತ ನರಕ್ಕೆ ರಕ್ತವೇ ಹೋಗುವುದಿಲ್ಲ. ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡುವುದಂತೂ ಬೇಡವೇ ಬೇಡ, ಒಸಡು ಸುಟ್ಟು ಬಿಳಿಯಾಗುತ್ತದೆ.

ಕುರ್ಚಿಯಲ್ಲಿ ನಡೆಯುವುದು ಹೀಗೆ. ಅರಿವಳಿಕೆ ಕೊಟ್ಟ ಮೇಲೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಎಂಜಲು ಒಳಗೆ ಹೋಗಬಾರದು, ಸಣ್ಣ ಉಪಕರಣ, ಔಷಧಿ ಗಂಟಲಿಗೆ ಬೀಳಬಾರದು. 1864ರಿಂದ ಇರುವ ಉಪಾಯ ಇದು. ರಬ್ಬರ್ ಹಾಳೆ ಹಾಕ್ತೀರಾ ಅಂತ ಮುಂಚೆಯೇ ಕೇಳಿ. ಒಳ್ಳೆಯ ರೂಟ್ ಕೆನಾಲಿಗೆ ನಾನು ನೋಡುವ ಮೊದಲ ಗುರುತು ಅದೇ. ಆಮೇಲೆ ಮೇಲಿನಿಂದ ತೂತು ಮಾಡಿ, ಬಾಗುವ ನಿಕೆಲ್ ಟೈಟಾನಿಯಂ ಫೈಲುಗಳಿಂದ ನಾಳದ ಒಳಗನ್ನು ಕೆರೆಯುತ್ತಾರೆ, ಬ್ಯಾಕ್ಟೀರಿಯಾ ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರವದಿಂದ ಮತ್ತೆ ಮತ್ತೆ ತೊಳೆಯುತ್ತಾರೆ. ನಾಳದ ಉದ್ದವನ್ನು ಎಲೆಕ್ಟ್ರಾನಿಕ್ ಉಪಕರಣದಿಂದ, ಎಕ್ಸ್‌ರೇಯಿಂದ ಅಳೆಯುತ್ತಾರೆ. ಕೊನೆಗೆ ಗಟ್ಟಾ ಪರ್ಚಾ ಅನ್ನುವ, ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತುವನ್ನು ತುಂಬಿ ಮುಚ್ಚುತ್ತಾರೆ. ಒಂದು ಅಥವಾ ಎರಡು ಸಲ ಕೂರಬೇಕು. ಆಮೇಲೆ ಎರಡು ಮೂರು ದಿನ ಕಚ್ಚಿದರೆ ನೋವಿರಬಹುದು. ರೂಟ್ ಕೆನಾಲಿನ ಕಥೆಗಳಲ್ಲಿ ಬರುವ ಭಯಂಕರ ನೋವು ಸಾಮಾನ್ಯವಾಗಿ ಅದಕ್ಕೆ ಮುಂಚಿನ ರಾತ್ರಿಯದು.

ನರ ಪೂರ್ತಿ ಸತ್ತಿಲ್ಲದಿದ್ದರೆ ಈಗ ನಡುವೆ ಇನ್ನೊಂದು ಮೆಟ್ಟಿಲಿದೆ. ಕೆಟ್ಟ ಭಾಗವನ್ನಷ್ಟೇ ತೆಗೆದು, ಉಳಿದ ನರದ ಮೇಲೆ ಎಂಟಿಎಯಂಥ ಸಿಮೆಂಟ್ ಹಾಕಿ ಮುಚ್ಚುವುದು. 1990ರ ದಶಕದಲ್ಲಿ ಬಂದ ಈ ವಸ್ತುವಿನಿಂದ ಎಷ್ಟೋ ಹಲ್ಲುಗಳ ಜೀವ ಉಳಿದಿದೆ. ನಿಮ್ಮ ಹಲ್ಲಿಗೆ ಆಗುತ್ತದೆಯೇ ಅಂತ ಕೇಳುವುದಕ್ಕೆ ಖರ್ಚಿಲ್ಲ.

ರೂಟ್ ಕೆನಾಲ್ ಮಾಡಿಸಿದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ಒಳಗೆ ಟೊಳ್ಳಾದ ಹಲ್ಲು ಅಗಿಯುವಾಗ ಸೀಳಿಬಿಡುತ್ತದೆ, ಬೇರಿನ ತನಕ ಸೀಳಿದರೆ ಕೀಳಲೇಬೇಕು. ಮುಂದಿನ ಹಲ್ಲಿಗೆ ಎಷ್ಟೋ ಸಲ ಬರೀ ಫಿಲ್ಲಿಂಗ್ ಸಾಕು. ದವಡೆ ಹಲ್ಲಿನಲ್ಲೂ ಗೋಡೆ ಗಟ್ಟಿಯಿದ್ದರೆ ಮೇಲ್ಭಾಗವನ್ನಷ್ಟೇ ಮುಚ್ಚುವ ಆನ್‌ಲೇ ಆಗುತ್ತದೆಯೇ ಕೇಳಿ, ಹಲ್ಲು ಕಡಿಮೆ ಸವೆಸುತ್ತಾರೆ. ಕ್ಯಾಪಿಗೆ ಝಿರ್ಕೋನಿಯಾ ಗಟ್ಟಿ, ನೋಡಲೂ ಚೆನ್ನ. ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು ಹಳೆಯ, ನಂಬಿಕೆಯ ದಾರಿ, ವರ್ಷ ಕಳೆದ ಮೇಲೆ ಒಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಕೆಲವು ಕಡೆ ಈಗ ಅಚ್ಚಿನ ಹಿಟ್ಟನ್ನು ಬಾಯಿಗೆ ತುಂಬುವುದಿಲ್ಲ. ಸಣ್ಣ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿ ಅದೇ ದಿನ ಕ್ಯಾಪ್ ಕೆತ್ತಿ ಕೊಡುತ್ತಾರೆ. ವಾಕರಿಕೆ ಬರುವವರಿಗೆ ವರದಾನ. ಕ್ಯಾಪ್ ಕೊಳೆಯುವುದಿಲ್ಲ, ಆದರೆ ಕ್ಯಾಪಿನ ಅಂಚಿನ ಕೆಳಗಿನ ಹಲ್ಲು ಕೊಳೆಯುತ್ತದೆ. ಬ್ರಶ್ ಅಲ್ಲಿಗೆ ತಲುಪಲಿ.

ಕೀಳಿಸಿದ ಮೇಲೆ

ಕೆಲವು ಹಲ್ಲುಗಳನ್ನು ಉಳಿಸಲು ಆಗುವುದಿಲ್ಲ. ಕೀಳಿಸಿದ ದಿನದ ನಿಯಮ ಒಂದೇ: ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕದಲಬಾರದು. ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಹಿಡಿಯಿರಿ. 24 ಗಂಟೆ ಮುಕ್ಕಳಿಸಬೇಡಿ, ಉಗಿಯಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಸಿಗರೇಟು ಇನ್ನೂ ಕೆಲವು ದಿನ ಬೇಡ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ನೋವು ಕಡಿಮೆಯಾಗುತ್ತಾ ಬಂದು ಮೂರನೇ ದಿನ ಮತ್ತೆ ಜೋರಾದರೆ, ಕಿವಿಯ ತನಕ ಸೆಳೆದರೆ, ಹೆಪ್ಪು ಹೋಗಿ ಮೂಳೆ ಬರಿದಾಗಿದೆ ಅಂತ ಅರ್ಥ. ಅದಕ್ಕೆ ಚಿಕಿತ್ಸೆ ಇದೆ, ತಡೆದುಕೊಳ್ಳಬೇಡಿ.

ಖಾಲಿ ಜಾಗವನ್ನು ಹಾಗೇ ಬಿಡುವುದೂ ಒಂದು ಆಯ್ಕೆ. ಬುದ್ಧಿ ಹಲ್ಲಿನ ಜಾಗ, ತೀರಾ ಹಿಂದಿನ ಜಾಗವಾದರೆ ಬಿಟ್ಟರೂ ನಡೆಯುತ್ತದೆ. ಬೇರೆ ಕಡೆ ಪಕ್ಕದ ಹಲ್ಲು ವಾಲಬಹುದು, ಎದುರಿನ ಹಲ್ಲು ಇಳಿದು ಬರಬಹುದು. ತುಂಬಿಸಲು ಮೂರು ದಾರಿ.

ತೆಗೆದು ಹಾಕುವ ಹಲ್ಲು ಸೆಟ್ಟಿಗೆ ಖರ್ಚು ಕಡಿಮೆ, ಕೊರೆಯುವ ಕೆಲಸವೂ ಅಷ್ಟಾಗಿ ಇಲ್ಲ. ಆದರೆ ಅಗಿಯುವ ಶಕ್ತಿ ಕಡಿಮೆ, ಮೂಳೆ ಸವೆದ ಹಾಗೆಲ್ಲ ಸಡಿಲವಾಗುತ್ತದೆ. ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಬೇಕು. ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು ಹಾಕಿಸಿದರೆ ಕೆಲವೇ ವಾರದಲ್ಲಿ ಕೆಲಸ ಮುಗಿಯುತ್ತದೆ. ಅದಕ್ಕೆ ಬೆಲೆ ತೆರುವುದು ಪಕ್ಕದ ಎರಡು ಹಲ್ಲುಗಳು, ಅವನ್ನು ಕ್ಯಾಪಿಗಾಗಿ ಸವೆಸಬೇಕು. ಅವು ಮೊದಲೇ ಫಿಲ್ಲಿಂಗ್, ಕ್ಯಾಪ್ ಇದ್ದವಾದರೆ ಸರಿ. ಮುಟ್ಟದ ಒಳ್ಳೆಯ ಹಲ್ಲುಗಳಾದರೆ ನನಗೆ ಮನಸ್ಸು ಬರುವುದಿಲ್ಲ. ಒಂದರ ಸಲುವಾಗಿ ಇನ್ನೆರಡನ್ನು ಮೆಟ್ಟಿಲು ಇಳಿಸಿದ ಹಾಗೆ.

ಇಂಪ್ಲಾಂಟ್ ಪಕ್ಕದವರನ್ನು ಮುಟ್ಟುವುದಿಲ್ಲ. ಟೈಟಾನಿಯಂ ಲೋಹಕ್ಕೆ ಮೂಳೆ ಬೆಸೆದುಕೊಳ್ಳುತ್ತದೆ ಅಂತ ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡರು. ಮೊಲದ ಕಾಲಿನಲ್ಲಿ ಇಟ್ಟಿದ್ದ ಉಪಕರಣವನ್ನು ಕೀಳಲು ಹೋದರೆ ಬರಲೇ ಇಲ್ಲ. 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಬೇರು ಕೂರಿಸಿದರು. ಸ್ಕ್ರೂ ಕೂರಿಸಿ, ಮೂಳೆ ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಟ್ಟು, ಆಮೇಲೆ ಮೇಲೊಂದು ಹಲ್ಲು. ಒಂದೇ ದಿನದಲ್ಲಿ ಹಲ್ಲು ಅನ್ನುವ ಜಾಹೀರಾತು ಕೆಲವರ ವಿಷಯದಲ್ಲಿ ನಿಜ, ಆದರೆ ಆ ದಿನ ಕೂರುವುದು ಹೆಚ್ಚಾಗಿ ತಾತ್ಕಾಲಿಕ ಹಲ್ಲು. ಸಿಗರೇಟು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಕೆಟ್ಟ ಒಸಡು, ಈ ಮೂರೂ ಇಂಪ್ಲಾಂಟಿಗೆ ಶತ್ರು. ಹುಳುಕು ಹಿಡಿಯದಿದ್ದರೂ ಸುತ್ತಲಿನ ಒಸಡು, ಮೂಳೆ ಕೆಡಬಹುದು. ಹಾಕಿಸಿ ಮರೆತುಬಿಡುವ ವಸ್ತು ಅಲ್ಲ ಅದು. ಉಳಿಸಬಹುದಾದ ಹಲ್ಲನ್ನು ಕಿತ್ತು ಇಂಪ್ಲಾಂಟ್ ಹಾಕೋಣ ಅಂತ ಯಾರಾದರೂ ಅಂದರೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಮತ್ತೆ ತೆಗೆಯಿರಿ.

ಚೆಂದಕ್ಕಾಗಿ

ಬಿಳಿ ಮಾಡಿಸುವುದಾದರೆ ಮೊದಲು ಹುಳುಕು, ಒಸಡು ಸರಿಯಾಗಲಿ. ಪೆರಾಕ್ಸೈಡ್ ಸಹಜ ಹಲ್ಲನ್ನು ಮಾತ್ರ ಬೆಳ್ಳಗೆ ಮಾಡುತ್ತದೆ. ಫಿಲ್ಲಿಂಗ್, ಕ್ಯಾಪ್ ಹಳೆಯ ಬಣ್ಣದಲ್ಲೇ ಉಳಿದು ಎದ್ದು ಕಾಣುತ್ತವೆ. ಕೆಲವು ದಿನ ಜುಮ್ ಅನ್ನುತ್ತದೆ, ಬಣ್ಣ ಮೆಲ್ಲಗೆ ವಾಪಸ್ ಬರುತ್ತದೆ. ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹಾಳೆ, ಬೇರೆ ವಿಷಯ, ಅದಕ್ಕೆ ಸಾಮಾನ್ಯವಾಗಿ ಎನಾಮೆಲ್ ಸವೆಸಬೇಕು. ಇಪ್ಪತ್ತರ ಹರೆಯದಲ್ಲಿ ಒಳ್ಳೆಯ ಹಲ್ಲನ್ನು ಸವೆಸಿದರೆ ಜೀವಮಾನವಿಡೀ ಹತ್ತು ಹದಿನೈದು ವರ್ಷಕ್ಕೊಮ್ಮೆ ಅದನ್ನೇ ಬದಲಿಸುತ್ತಾ ಇರಬೇಕಾಗಬಹುದು. ಓರೆ ಹಲ್ಲಾದರೆ ಕ್ಲಿಪ್ಪೋ ಅಲೈನರೋ ಹಾಕಿ ಸರಿಸಿ, ಸ್ವಲ್ಪ ಬಿಳಿ ಮಾಡಿಸಿದರೆ ಎಷ್ಟೋ ಜನರಿಗೆ ವೆನೀರಿನ ಆಸೆಯೇ ಹೋಗುತ್ತದೆ. ತೆಗೆದು ಹಾಕಬಹುದಾದ ಪಾರದರ್ಶಕ ಅಚ್ಚು, ಅಂದರೆ ಅಲೈನರನ್ನು, ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಆ ಶಿಸ್ತು ನಿಮ್ಮಲ್ಲಿಲ್ಲ ಅಂತ ನಿಮಗೇ ಗೊತ್ತಿದ್ದರೆ ಅಂಟಿಸುವ ಕ್ಲಿಪ್ಪೇ ಮೇಲು. ಯಾವುದೇ ಆದರೂ ಮುಗಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲಿ ಹಿಡಿದಿಡುವ ರಿಟೇನರ್ ಬಿಡಬಾರದು, ಬಿಟ್ಟರೆ ಹಲ್ಲು ಹಳೆಯ ಜಾಗದತ್ತ ಸರಿಯುತ್ತದೆ.

ಮಕ್ಕಳಿಗೆ

ಮೊದಲ ಹಲ್ಲು ಮೂಡಿದ ಮೇಲೆ, ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ. ಮೂರು ವರ್ಷದ ತನಕ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಆಮೇಲೆ ಆರರ ತನಕ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು ಅಥವಾ ಪಕ್ಕದಲ್ಲಿ ನಿಲ್ಲಬೇಕು. ಆರು ವರ್ಷದ ಸುಮಾರಿಗೆ ಹಾಲು ಹಲ್ಲುಗಳ ಹಿಂದೆ, ಯಾವುದೂ ಬೀಳದೆ, ಹೊಸ ದವಡೆ ಹಲ್ಲೊಂದು ಬರುತ್ತದೆ. ಇದು ಬೀಳುವ ಹಲ್ಲು ಅಂತ ಮನೆಯವರು ತಪ್ಪು ತಿಳಿಯುವುದು ಇದನ್ನೇ. ಅದು ಶಾಶ್ವತ ಹಲ್ಲು. ಬಂದ ಕೂಡಲೇ ಅದರ ಗೀರುಗಳಿಗೆ ಸೀಲೆಂಟ್ ಅನ್ನುವ ಮುಚ್ಚುವ ಲೇಪ ಹಾಕಿಸಿ. ಕೊರೆಯುವುದಿಲ್ಲ, ನೋವಿಲ್ಲ.

ಕಾಯಬಾರದ ಹೊತ್ತು

ಮುಖದ ಊತ ಕಣ್ಣಿನತ್ತ ಅಥವಾ ದವಡೆಯ ಕೆಳಗೆ ಹಬ್ಬುತ್ತಿದ್ದರೆ, ಜ್ವರ ಬಂದರೆ, ನುಂಗಲು, ಉಸಿರಾಡಲು, ಬಾಯಿ ತೆರೆಯಲು ಕಷ್ಟವಾದರೆ ಹಲ್ಲಿನ ಡಾಕ್ಟರ ಸಮಯಕ್ಕೆ ಕಾಯಬೇಡಿ. ಸೀದಾ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಾಯಿಯಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಎರಡು ವಾರವಾದರೂ ಹೋಗದಿದ್ದರೆ, ನೋವಿಲ್ಲದಿದ್ದರೂ ತೋರಿಸಲೇಬೇಕು. ತಂಬಾಕು, ಅಡಿಕೆ ಜಗಿಯುವವರಂತೂ ಕನ್ನಡಿಯ ಮುಂದೆ ತಿಂಗಳಿಗೊಮ್ಮೆ ನಾಲಿಗೆ ಎತ್ತಿ, ಕೆನ್ನೆ ಎಳೆದು ನೋಡಿಕೊಳ್ಳಿ.

ಇನ್ನೊಂದು, ಏಟು ಬಿದ್ದು ಹಲ್ಲು ಪೂರ್ತಿ ಕಿತ್ತು ಬಂದಾಗ. ಇದನ್ನು ಆಟದ ಮೈದಾನಕ್ಕೆ ಮಕ್ಕಳನ್ನು ಕಳಿಸುವವರೆಲ್ಲ ಬಾಯಿಪಾಠ ಮಾಡಿಕೊಳ್ಳಬೇಕು.

1. ಹಲ್ಲನ್ನು ಹುಡುಕಿ. ಬಿಳಿ ಭಾಗವನ್ನು ಹಿಡಿಯಿರಿ, ಬೇರನ್ನು ಮುಟ್ಟಬೇಡಿ.
2. ಹಾಲು ಹಲ್ಲಾದರೆ ವಾಪಸ್ ಇಡಬೇಡಿ, ಕೆಳಗಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಮಗುವನ್ನು ಡಾಕ್ಟರಿಗೆ ತೋರಿಸಿ.
3. ಶಾಶ್ವತ ಹಲ್ಲಾದರೆ, ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ, ಎರಡೂ ಇಲ್ಲದಿದ್ದರೆ ತಣ್ಣನೆಯ ನಲ್ಲಿ ನೀರಿನಲ್ಲೋ ಕೆಲವೇ ಸೆಕೆಂಡು ಅದ್ದಿ ತೆಗೆಯಿರಿ. ಉಜ್ಜಬೇಡಿ.
4. ಅದೇ ಗುಂಡಿಗೆ ವಾಪಸ್ ಕೂರಿಸಿ, ಮೆತ್ತನೆಯ ಬಟ್ಟೆ ಕಚ್ಚಿಸಿ.
5. ಕೂರಿಸಲು ಧೈರ್ಯ ಬಾರದಿದ್ದರೆ ಹಾಲಿನಲ್ಲಿ ಮುಳುಗಿಸಿಡಿ. ನೀರಿನಲ್ಲಿ ನೆನೆಸಿಡಬೇಡಿ, ಒಣ ಕರವಸ್ತ್ರದಲ್ಲಿ ಸುತ್ತಿ ಜೇಬಿಗೂ ಹಾಕಬೇಡಿ. ಬೇರಿನ ಮೇಲಿನ ಕೋಶಗಳು ಸಾಯುತ್ತವೆ.
6. ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಹಲ್ಲಿನ ಡಾಕ್ಟರ ಹತ್ತಿರ ಇರಿ. ದಾರಿಯಲ್ಲೇ ಫೋನ್ ಮಾಡಿ, ಹಲ್ಲು ಹಾಲಿನಲ್ಲಿದೆ ಅಂತ ಹೇಳಿಬಿಡಿ.